ಜೇನಿನ ಬಾಗಿಲಿಗೆ ಬಣ್ಣ ಬರೆಯುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿಯವರೆಲ್ಲ ಬ್ರಶ್ಶಕ್ಕ ಎಂದೇ ಕರೆಯುವ ಪೇಂಟರಮ್ಮ ಆಗಲೇ ಟೆರೇಸಿನ ಮೇಲೆ ಮಂಡಿಯೂರಿ ಕೂತಿದ್ದಾರೆ. ಜೇನುನೊಣಗಳು ಹೊರಬರುವುದರೊಳಗೆ ಸಾಲಿನ ಕೊನೆಯ ಪೆಟ್ಟಿಗೆಯ ಬಾಗಿಲ ಮೇಲೆ ಚುಕ್ಕೆ ಇಟ್ಟು ಮುಗಿಸಬೇಕು. ಕೈ ಒಂದಿಷ್ಟೂ ನಡುಗುವುದಿಲ್ಲ.

ಅಂಗಡಿ ಬೋರ್ಡು, ಗಾಡಿಗಳ ನಂಬರು ಬರೆದೇ ಇಬ್ಬರು ಮಕ್ಕಳನ್ನು ದಡ ಸೇರಿಸಿದ ಕೈ ಇದು. ಪ್ಲಾಸ್ಟಿಕ್ ಅಕ್ಷರ ಬಂದ ಮೇಲೆ ಆ ಕೆಲಸ ಮೂಲೆ ಸೇರಿತು. ಪುಣ್ಯಕ್ಕೆ ನಾದಿನಿ ಜೇನು ಸಾಕುತ್ತಾರೆ. ಆ ನಾದಿನಿಯೋ, ಮಹಾ ಅಚ್ಚುಕಟ್ಟು! ಹೋದ ವರ್ಷ ಅಷ್ಟೂ ಪೆಟ್ಟಿಗೆಗೆ ಬಿಳಿ ಬಳಿದು, ಸಾಲಾಗಿ ಜೋಡಿಸಿ ಬೀಗಿದ್ದರು. ಗಂಡುನೊಣಗಳ ಜೊತೆ ಕೂಡಲು ಹೊರಗೆ ಹಾರಿಹೋದ ಹೊಸ ರಾಣಿ ವಾಪಸು ಬಂದಾಗ, ಎಲ್ಲ ಬಾಗಿಲೂ ಒಂದೇ ಥರ ಕಂಡು, ಪಕ್ಕದ ಗೂಡು ಹೊಕ್ಕಳು. ಅಲ್ಲಿನ ನೊಣಗಳು ಕೊಂದೇಬಿಟ್ಟವು. ರಾಣಿಯಿಲ್ಲದ ಮನೆ ಮೆಲ್ಲಮೆಲ್ಲಗೆ ಖಾಲಿಯಾಯಿತು. ನಾದಿನಿ ಊಟ ಬಿಟ್ಟು ಅತ್ತರು.

"ದೂರದಿಂದ ಬರೋಕೆ ಸೂರ್ಯ ದಾರಿ ತೋರಿಸ್ತಾನೆ. ಬಾಗಿಲ ಹತ್ರ ಬಂದ್ಮೇಲೆ ಅವನಾದ್ರೂ ಏನ್ಮಾಡ್ತಾನೆ ಪಾಪ? ಅಲ್ಲಿಂದಾಚೆ ನನ್ನ ಕೆಲ್ಸ," ಎಂದು ನಗುತ್ತಾರೆ ಬ್ರಶ್ಶಕ್ಕ. ಒಂದು ಬಾಗಿಲಿಗೆ ನೀಲಿ ತ್ರಿಕೋನ, ಪಕ್ಕದ್ದಕ್ಕೆ ಹಳದಿ ಪಟ್ಟೆ. ಕೆಂಪು ಮಾತ್ರ ಎಲ್ಲೂ ಇಲ್ಲ. "ಕೆಂಪು ಅವಕ್ಕೆ ಕಪ್ಪಾಗಿ ಕಾಣುತ್ತಂತೆ. ನನ್ನ ಹತ್ರ ಡಬ್ಬಗಟ್ಟಲೆ ಉಳಿದಿರೋದು ಅದೇ, ಹಣೆಬರಹ ನೋಡಿ!"

ಇವತ್ತು ಅವರ ಬಣ್ಣಕ್ಕೆ ಪರೀಕ್ಷೆ. ಹೋದ ವಾರ ಬರೆದ ನೀಲಿ ತ್ರಿಕೋನದ ಮನೆಯಲ್ಲಿ ಹೊಸ ರಾಣಿಯಿದ್ದಾಳೆ. ಬಿಸಿಲೇರಿದ ಮೇಲೆ ಅವಳು ಹೊರಬರುತ್ತಾಳೆ. ತಕ್ಷಣ ಬೆನ್ನು ತಿರುಗಿಸಿ ಹಾರುವುದಿಲ್ಲ. ಬಾಗಿಲಿಗೇ ಮುಖಮಾಡಿ ಅತ್ತಿತ್ತ ತೂಗಿ, ಮನೆಯ ಗುರುತು ಹಿಡಿದು, ಆಮೇಲೆ ಮಾಯ. ಬಾಗಿಲು ತಪ್ಪಿದರೆ ಈ ಗೂಡಿನ ಕಥೆಯೂ ಮುಗಿದಂತೆ.

"ಅತ್ತಿಗೆ, ವಾಪಸ್ ಬರ್ತಾಳಾ?" ನಾದಿನಿಗೆ ಜೀವವೇ ಬಾಯಿಗೆ ಬಂದಿದೆ.

"ಸುಮ್ನೆ ನೋಡೇ."

ನೆತ್ತಿ ಸುಡುತ್ತಿದ್ದರೂ ಇಬ್ಬರೂ ಕೂತಲ್ಲಿಂದ ಕದಲುವುದಿಲ್ಲ. ಕೊನೆಗೂ ಉದ್ದ ಹೊಟ್ಟೆಯ ರಾಣಿ ಇಳಿದು ಬರುತ್ತಾಳೆ. ಅಯ್ಯೋ, ಹಳದಿ ಪಟ್ಟೆಯ ಮುಂದೆ ನಿಂತಳಲ್ಲ! ನಾದಿನಿ ಅತ್ತಿಗೆಯ ಕೈ ಬಿಗಿಯಾಗಿ ಹಿಡಿಯುತ್ತಾರೆ. ರಾಣಿ ಗಾಳಿಯಲ್ಲೇ ಒಂದಿಷ್ಟು ತೇಲಿ, ಪಕ್ಕಕ್ಕೆ ಸರಿದು, ನೀಲಿ ತ್ರಿಕೋನದ ಮೇಲಿಳಿದು ಸರಕ್ಕನೆ ಒಳಗೆ ಹೋಗುತ್ತಾಳೆ.

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬ್ರಶ್ಶಕ್ಕ ಬ್ರಶ್ಶು ತೊಳೆಯುತ್ತ ಹೇಳುತ್ತಾರೆ: "ಜೀವಮಾನವೆಲ್ಲ ಬೋರ್ಡು ಬರೆದೆ. ಬರೆದೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಹೋಗ್ಲಿ ಬಿಡಿ. ಇವತ್ತು ಒಬ್ಬಳು ನಾನು ಬರೆದದ್ದನ್ನ ನಂಬ್ಕೊಂಡು ಮನೆ ಸೇರಿದ್ಲು."