ರೊಟ್ಟಿ ಹೆಚ್ಚಾಗ್ಯಾವ್ರಿ

ಆನ್‌ಲೈನ್ ಮ್ಯಾಪಿನಲ್ಲಿ ಖಾನಾವಳಿಗೆ ಯಾರೋ ಕೊಟ್ಟ ಒಂದೇ ಒಂದು ನಕ್ಷತ್ರ, ಅದರ ಕೆಳಗೆ ಕೆಲವು ಸಾಲು. "ರೊಟ್ಟಿ ಊಟ ಇದೆಯೇ ಎಂದು ಫೋನ್ ಮಾಡಿ ಕೇಳಿದೆವು. ರೊಟ್ಟಿ ಹೆಚ್ಚಾಗಿವೆ ಎಂದರು. ಇಬ್ಬರು ಮಕ್ಕಳನ್ನು ಕರೆದುಕೊಂಡು ಮೌಳಂಗಿಯ ಹೊಳೆದಂಡೆಯಿಂದ ಬಂದರೆ ಒಂದು ರೊಟ್ಟಿಯೂ ಇರಲಿಲ್ಲ. ಸುಳ್ಳು ಹೇಳಿ ಗಿರಾಕಿಗಳನ್ನು ಕರೆಸುತ್ತಾರೆ. ಹೋಗಬೇಡಿ."

ದಾಂಡೇಲಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಒಂದು ಖಾನಾವಳಿಯ ಅಡುಗೆಮನೆಯಲ್ಲಿ ನಿಂತು ನಾನು ಇದನ್ನು ಗಟ್ಟಿಯಾಗಿ ಓದಿದೆ. ಖಾನಾವಳಿಯ ಒಡತಿ ಹಳಿಯಾಳದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ, ಅರವತ್ತು ಸಮೀಪಿಸಿದ ಹೆಂಗಸು. ಓಣಿಯವರಿಗೂ ಗಿರಾಕಿಗಳಿಗೂ ಆಕೆ ಕಾಕೂ. ಓದಿ ಮುಗಿಸಿದಾಗ ಆಕೆ ನಾದುತ್ತಿದ್ದ ಹಿಟ್ಟಿನ ಮುದ್ದೆ ಪರಾತದಲ್ಲಿ ಹಾಗೇ ಉಳಿಯಿತು.

"ನಾ ಏನ್ ಸುಳ್ಳ ಹೇಳೇನ್ರೀ ಅಕ್ಕಾರ? ಹೆಚ್ಚಾಗ್ಯಾವ ಅಂದೆ. ಖರೇನ ಹೆಚ್ಚಾಗಿದ್ವು. ಕಡೀ ಎರಡು ರೊಟ್ಟಿ ಬಸ್ಸಿನ ಕಂಡಕ್ಟರ ಆಗಷ್ಟ ಉಂಡ ಎದ್ದಿದ್ದಾ."

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಡಬ್ಬಿಯಲ್ಲಿ ಉಪ್ಪು ತೀರಿದರೆ 'ಉಪ್ಪು ಹೆಚ್ಚೇತಿ' ಎನ್ನುತ್ತಾರೆ. ಒಡೆದ ಬಳೆಯನ್ನೂ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಒಲೆಯ ಎದುರು ಕೂತವರ ಬಾಯಿಂದ 'ಇಲ್ಲ', 'ಮುಗಿಯಿತು' ಎಂಬ ಮಾತು ಬಂದರೆ ಆ ಮನೆಗೆ ಒಳ್ಳೆಯದಲ್ಲವೆಂಬ ನಂಬಿಕೆ. ಮೂವತ್ತು ವರ್ಷಗಳಿಂದ ಆಕೆಯಲ್ಲಿ ಉಣ್ಣುತ್ತ ಬಂದ ಕಾರ್ಮಿಕರು, ಚಾಲಕರು, ಧಾರವಾಡದಿಂದ ಬದಲಿಯಾಗಿ ಬಂದ ಗುಮಾಸ್ತರು 'ಹೆಚ್ಚಾಗ್ಯಾವ್ರಿ' ಎಂದೊಡನೆ ಅರ್ಥ ಮಾಡಿಕೊಂಡು ಅನ್ನ ಹಾಕಿಸಿಕೊಳ್ಳುತ್ತಿದ್ದರು. ದೂರದ ಊರಿಂದ ನದಿ ನೋಡಲು ಬಂದ ಕುಟುಂಬವೊಂದು ಫೋನಿನಲ್ಲಿ ಅದನ್ನು ಕೇಳಿದಾಗ 'ಬೇಕಾದಷ್ಟು ಉಳಿದಿವೆ' ಎಂದು ತಿಳಿಯದೆ ಇನ್ನೇನು ತಿಳಿದೀತು?

ಆ ಕುಟುಂಬದ ಕೈಗೆ ಫೋನ್ ನಂಬರು ಕೊಟ್ಟವಳು ನಾನು.

ಹಳಿಯಾಳ, ಜೊಯಿಡಾ, ಮುಂಡಗೋಡಗಳಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ನಾನು ಕೆಲವು ವರ್ಷಗಳಿಂದ ತರಬೇತಿ ನಡೆಸುತ್ತೇನೆ. ಅಂಗಡಿಯನ್ನು ಮ್ಯಾಪಿನಲ್ಲಿ ಸರಿಯಾದ ಜಾಗಕ್ಕೆ ಹಾಕುವುದು, ತೆರೆಯುವ ಮುಚ್ಚುವ ಹೊತ್ತು ಬರೆಯುವುದು, ಕತ್ತಲಾಗಿ ಬಾರದ ಹಾಗೆ ಫೋಟೋ ತೆಗೆಯುವುದು, ಗಿರಾಕಿಯ ಮಾತಿಗೆ ಉತ್ತರ ಕೊಡುವುದು ನಾನು ಕಲಿಸುವ ವಿಷಯಗಳು. ನಾನು ಓದಿದ ಶಾಲೆಯಲ್ಲಿ ಅನ್ಯಾಯ ಕಂಡರೆ ಮೊದಲು ಅದರ ಹೆಸರು ಹೇಳಬೇಕೆಂದು ಕಲಿಸಿದ್ದರು. ಆ ಕಲಿಕೆಯನ್ನು ಈ ಕೆಲಸಕ್ಕೂ ತಂದಿದ್ದೇನೆ. ಬೇರೊಬ್ಬರ ಅಡುಗೆಯ ಫೋಟೋವನ್ನು ತಮ್ಮದೆಂದು ಹಾಕುವುದು ಕಳವು. ಹಣ ಕೊಟ್ಟು ಹೊಗಳಿಕೆ ಬರೆಸುವುದು ಮೋಸ. ರಿಸಾರ್ಟಿನವರು ತಮ್ಮ ಅತಿಥಿಗಳು ಬೇಲಿ ದಾಟಿ ಊರೊಳಗೆ ಉಣ್ಣಲು ಹೋಗದ ಹಾಗೆ ಊಟವನ್ನು ಕೋಣೆಯ ಬಾಡಿಗೆಗೆ ಕಟ್ಟಿಹಾಕುವುದು ಊರಿನ ಅನ್ನಕ್ಕೆ ಹಾಕಿದ ಬೀಗ.

ಕಾಕೂನ ಖಾನಾವಳಿಯನ್ನು ನಾನು ಮೊದಲ ಬಾರಿ ಮ್ಯಾಪಿನಲ್ಲಿ ಹುಡುಕಿದಾಗ ಅದು ಅಲ್ಲಿ ಆಗಲೇ ಇತ್ತು. ಹೆಸರು ಆಕೆಯದು, ಫೋನ್ ನಂಬರು ಮಾತ್ರ ಒಬ್ಬ ಬುಕಿಂಗ್ ಏಜೆಂಟನದು. ಊಟ ಕೇಳಿದವರನ್ನು ಅವನು ತನಗೆ ಪಾಲು ಕೊಡುವ ಕಡೆಗೆ ಕಳಿಸುತ್ತಿದ್ದ. ಆಕೆಗೆ ಇದರ ಸುಳಿವೇ ಇರಲಿಲ್ಲ. "ನನ್ನ ಹೆಸರ ಹಿಡದ ಅಂವ ಮಂದೀನ ಬ್ಯಾರೆ ಕಡೆ ಊಟಕ್ಕ ಕಳಸ್ತಾನಂದ್ರ ನನ್ನ ಹೆಸರಿಗೆ ಅಷ್ಟು ರುಚಿ ಐತಿ ಅನ್ರಿ!" ಎಂದು ಆಕೆ ನಕ್ಕಿದ್ದಳು. ನಾನು ನಗಲಿಲ್ಲ. ಎರಡು ವಾರ ಬೆನ್ನುಬಿದ್ದು, ಬೋರ್ಡಿನ ಫೋಟೋ, ಪರವಾನಗಿಯ ಪ್ರತಿ ಕಳಿಸಿ, ಆ ಜಾಗಕ್ಕೆ ಆಕೆಯ ನಂಬರನ್ನೇ ಹಾಕಿಸಿದೆ.

ಆಮೇಲೆ ಪರಿಚಯದ ಸಾಲು ಬರೆದೆ: 'ಶ್ರಮಜೀವಿ ಮಹಿಳೆಯರ ಸ್ವಾವಲಂಬನೆಯ ದ್ಯೋತಕವಾಗಿ, ಶೋಷಣಾರಹಿತ ದುಡಿಮೆಯ ಮೂಲಕ...' ಕಾಕೂ ಪೂರ್ತಿ ಕೇಳಿದಳು. "ಚಂದ ಐತ್ರಿ ಅಕ್ಕಾರ. ಆದರ ಇದರಾಗ ಊಟ ಎಲ್ಲೈತಿ?" ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರಲ್ಲಿ ಹಿರಿಯಳು ತಿರುಗದೆಯೇ ಹೇಳಿದಳು: "ಉಣ್ಣಾಕ ಬಂದವರು ಇದನ್ನ ಓದಿ ಭಾಷಣಾ ಕೇಳಾಕ ಕುಂದರ್ತಾರ ನೋಡ್ರಿ." ಅಂದು ನಾನು ಆ ಸಾಲನ್ನು ಅಳಿಸಿ 'ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನ ಹನ್ನೆರಡರಿಂದ' ಎಂದಷ್ಟೇ ಬರೆದೆ. ಫೋನುಗಳು ಬರತೊಡಗಿದವು.

ಫೋನಿನೊಂದಿಗೆ ಆ ಮಾತಿನ ಗೊಂದಲವೂ ಶುರುವಾಯಿತೆಂದು ನನಗೆ ತಿಳಿದದ್ದು ತಡವಾಗಿ. ಒಂದು ನಕ್ಷತ್ರದ ಆ ಟೀಕೆ ಮೂರನೆಯದು. ಮೊದಲಿನ ಎರಡರಲ್ಲಿ ಒಬ್ಬರು 'ಹೇಳುವುದೊಂದು, ಕೊಡುವುದೊಂದು' ಎಂದಿದ್ದರು. ಇನ್ನೊಬ್ಬರು 'ಹೆಚ್ಚಾದ ಹಳೆಯ ರೊಟ್ಟಿಯನ್ನು ಪ್ರವಾಸಿಗರಿಗೆ ಬಡಿಸುತ್ತಾರೋ ಏನೋ' ಎಂದು ಅನುಮಾನಪಟ್ಟಿದ್ದರು. ಹಾಗೆಯೇ ಒಬ್ಬ ಫೋನಿನಲ್ಲಿ "ಹೆಚ್ಚಾಗಿದ್ದರೆ ಅರ್ಧ ರೇಟಿಗೆ ಕೊಡ್ತೀರಾ?" ಎಂದು ಕೇಳಿದ್ದನ್ನು ನೆನೆದು ರೊಟ್ಟಿ ಬಡಿಯುವವರು ವಾರವೆಲ್ಲ ನಕ್ಕಿದ್ದರು.

ನಗುವಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಜೊಯಿಡಾದ ಬಳಿ ಹೋಮ್‌ಸ್ಟೇ ನಡೆಸುವ ಒಬ್ಬರು ಶನಿವಾರ ಭಾನುವಾರಗಳಂದು ತಮ್ಮ ಅತಿಥಿಗಳನ್ನು ಕಾಕೂನ ಖಾನಾವಳಿಗೆ ಊಟಕ್ಕೆ ಕಳಿಸುವ ಮಾತಾಡಿ ಹೋಗಿದ್ದರು. ರೊಟ್ಟಿ ಬಡಿಯುವ ಇಬ್ಬರನ್ನೂ ಕೆಲಸದಲ್ಲಿ ಉಳಿಸಿಕೊಳ್ಳಲು ಆಕೆ ನೆಚ್ಚಿದ್ದು ಆ ಎರಡು ದಿನಗಳನ್ನೇ. ಹಿಂದೆ ಕೋಣೆ ಮಾಡಿಕೊಂಡು ಒಬ್ಬಂಟಿಯಾಗಿದ್ದ ಕಾರ್ಮಿಕರು ಈಗ ಸಂಸಾರ ಕರೆಸಿಕೊಂಡಿದ್ದಾರೆ, ಬುತ್ತಿ ಕಟ್ಟಿಕೊಳ್ಳುತ್ತಾರೆ. ಅದು ಒಳ್ಳೆಯದೇ. ಆದರೆ ಉಳಿದ ಗಿರಾಕಿಗಳಿಗೆ ರೊಟ್ಟಿ ಬಡಿಯಲು ಒಬ್ಬಳೇ ಸಾಕಾಗುತ್ತಿತ್ತು. ಟೀಕೆ ಕಂಡ ಆ ಹೋಮ್‌ಸ್ಟೇಯವರು ಮಾರನೆಯ ದಿನವೇ ಫೋನ್ ಮಾಡಿದರು: "ಕಾಕೂ, ನಿಮ್ಮ ಊಟದ ಮ್ಯಾಲ ನನಗ ಸಂಶೆ ಇಲ್ರಿ. ಆದ್ರ ನಮ್ಮ ಗೆಸ್ಟ್ ಮೊದಲ ರೇಟಿಂಗ್ ನೋಡ್ತಾರ. ಸುಳ್ಳ ಹೇಳ್ತಾರ ಅಂತ ಬರದ ಮ್ಯಾಲ ನಾ ಹೆಂಗ ಕಳಸ್ಲಿ?"

ಕಾಕೂ ಫೋನಿಟ್ಟು ನನ್ನತ್ತ ತಿರುಗಿದಳು. "ಅಕ್ಕಾರ, ನನ್ನ ಅದರಾಗಿಂದ ತಗದಬಿಡ್ರಿ. ಮೊದಲ ಯಾರೂ ನನಗ ಸುಳ್ಳಿ ಅಂದಿದ್ದಿಲ್ಲ."

ತೆಗೆದರೆ ಜೊಯಿಡಾದ ಅತಿಥಿಗಳು ಬರುವ ದಾರಿಯೇ ಮುಚ್ಚುತ್ತಿತ್ತು. ತೆಗೆಯದಿದ್ದರೆ 'ಸುಳ್ಳಿ' ಎಂಬ ಮಾತು ಆಕೆಯ ಹೆಸರಿನ ಕೆಳಗೆ ಹಾಗೆಯೇ ಇರುತ್ತಿತ್ತು. ನನಗೆ ಪರಿಹಾರ ಸುಲಭವಾಗಿ ಕಂಡಿತು. ಇನ್ನು ಮೇಲೆ ಫೋನಿನಲ್ಲಿ 'ರೊಟ್ಟಿ ಮುಗಿದಿವೆ' ಎನ್ನಿ ಎಂದೆ. ಮಾತಿಗೆ ಶಕುನ ಕಟ್ಟುವುದು ಮೂಢನಂಬಿಕೆ, ಅದು ಹೆಂಗಸರ ಬಾಯಿಗೆ ಹಾಕಿದ ಬೀಗ, ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದು ಗಿರಾಕಿಯ ಹಕ್ಕು ಎಂದೂ ಸೇರಿಸಿದೆ. ಇವತ್ತಿಗೂ ಅದರಲ್ಲಿ ಬಹುಪಾಲು ಸರಿಯೆಂದೇ ನಂಬಿದ್ದೇನೆ.

"ಉಣ್ಣಾಕ ಕೇಳಿದವರಿಗೆ ಇಲ್ಲ ಅನ್ನೂದು ನನ್ನ ಬಾಯಾಗ ಬರೂದಿಲ್ರಿ," ಎಂದಳು ಕಾಕೂ.

"ನಾ ಅಂತೇನಿ ಬಿಡ್ರಿ ಕಾಕೂ," ಎಂದಳು ರೊಟ್ಟಿ ಬಡಿಯುವ ಕಿರಿಯಳು. "ನನ್ನ ಬಾಯಿ ಮೊದಲ ಕೆಟ್ಟೈತಿ ಅಂತ ನಮ್ಮತ್ತಿ ದಿನಾ ಅಂತಾಳ. ಇನ್ನೊಂದಿಷ್ಟು ಕೆಡ್ಲಿ."

"ನೀ ಅಂದ್ರೂ ಒಲಿ ನಂದಲಾ?"

ಅಂದು ಸಂಜೆ ಮನೆಗೆ ಬಂದು ನಾನು ಮಾಡಿದ ತಪ್ಪನ್ನೂ ಅದರ ಹೆಸರು ಹಿಡಿದೇ ಹೇಳಬೇಕು. ಆಕೆಯನ್ನು ಕೇಳದೆ, ಆಕೆಯ ಖಾನಾವಳಿಯ ಹೆಸರಿನಲ್ಲಿ, ಆ ಕುಟುಂಬಕ್ಕೆ ಉತ್ತರ ಬರೆದು ಹಾಕಿದೆ. ಉತ್ತರ ಕರ್ನಾಟಕದ ನುಡಿಯನ್ನು ಅರಿಯುವ ಸೌಜನ್ಯವಿಲ್ಲದೆ ದುಡಿಯುವ ಹೆಂಗಸೊಬ್ಬಳನ್ನು ಸುಳ್ಳುಗಾರ್ತಿ ಎನ್ನುವುದು ನಗರವಾಸಿಗಳ ದರ್ಪವೆಂದೂ, ನಕ್ಷತ್ರಗಳಿಂದ ಜನರ ಬದುಕನ್ನು ಅಳೆಯುವುದು ಕ್ರೌರ್ಯವೆಂದೂ ಬರೆದಿದ್ದೆ. ವಾಕ್ಯಗಳು ಚೆನ್ನಾಗಿದ್ದವು. ಅವುಗಳ ಕೆಳಗಿದ್ದ ಹೆಸರು ಮಾತ್ರ ನನ್ನದಾಗಿರಲಿಲ್ಲ. ಏಜೆಂಟ ಆಕೆಯ ಹೆಸರಿನ ಕೆಳಗೆ ತನ್ನ ನಂಬರು ಇಟ್ಟಿದ್ದ, ನಾನು ಆಕೆಯ ಹೆಸರಿನ ಕೆಳಗೆ ನನ್ನ ಸಿಟ್ಟನ್ನು ಇಟ್ಟೆ.

ಮರುದಿನ ಬೆಳಿಗ್ಗೆ ಅದನ್ನು ಆಕೆಗೆ ಓದಿ ಹೇಳಿದಾಗ ಹೊಗಳಿಕೆಯನ್ನು ನಿರೀಕ್ಷಿಸಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಕೆ ಕೈ ತೊಳೆದುಕೊಂಡು ಬಂದು ನನ್ನ ಎದುರು ಕೂತಳು.

"ಮನಿಗೆ ಊಟಕ್ಕ ಬಂದವರಿಗೆ ಹಿಂಗ ಬೈತಾರೇನ್ರಿ?"

"ಅವರು ನಿಮ್ಮನ್ನು ಬೈದಿದ್ದಾರೆ, ಕಾಕೂ."

"ಹಸದಿದ್ರು, ಬೈದ್ರು. ನೀವ್ಯಾಕ ಬೈದ್ರಿ? ನೀವು ಉಂಡಿದ್ರಲ್ಲ." ಆಕೆ ಒಲೆಯ ಕಡೆ ನೋಡಿದಳು. "ಆ ಹುಡುಗರು ಅವತ್ತ ಎಲ್ಲಿ ಉಂಡ್ವೋ ಏನೋ. ಅನ್ನಾ ಸಾರು ಐತ್ರಿ, ಕುಂದರ್ರಿ ಅಂದೆ. ಅವರಪ್ಪ ಸಿಟ್ಟಿಗೆದ್ದು ಗಾಡಿ ತಿರಿವಿಬಿಟ್ಟ. ಸಣ್ಣದು ಕಿಡಕ್ಯಾಗಿಂದ ಒಲಿ ಕಡೆನ ನೋಡ್ತಿತ್ತು."

ಆ ದಿನಗಳಲ್ಲಿ ನಾವು ಆಡಿದ ಮಾತಿನಲ್ಲೆಲ್ಲ ಆ ಮಕ್ಕಳ ಹಸಿವು ಬಂದದ್ದು ಅದೇ ಮೊದಲ ಸಲ. ರೇಟಿಂಗ್, ಹಕ್ಕು, ಅವಮಾನ, ನಂಬಿಕೆ ಎಲ್ಲವನ್ನೂ ನಾನು ಎಣಿಸಿದ್ದೆ.

ನನ್ನ ಉತ್ತರವನ್ನು ಅಲ್ಲಿಯೇ ಅಳಿಸಿದೆ. "ನೀವು ಹೇಳ್ರಿ, ನಾನು ಬರೀತೇನಿ. ಒಂದು ಅಕ್ಷರಾನೂ ತಿದ್ದೂದಿಲ್ಲ," ಎಂದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ:

"ಅಣ್ಣಾರ, ತಪ್ಪು ನಂದೈತಿ. ನಮ್ಮ ಕಡೆ ಒಲಿ ಮುಂದ ಇಲ್ಲ ಅನ್ನೂದಿಲ್ಲ, ಹೆಚ್ಚಾಗೇತಿ ಅಂತೇವಿ. ನೀವು ಅದನ್ನ ಉಳದಾವ ಅಂತ ತಿಳದ್ರಿ. ನೀವು ಹಂಗ ತಿಳಿಯೂದು ಸಹಜ ಐತಿ. ಮಕ್ಕಳು ಹಸಗೊಂಡ ಹೋದ್ವು, ಅದೊಂದ ನನಗ ಬ್ಯಾಸರಾ. ಇನ್ನೊಮ್ಮೆ ಈ ಕಡೆ ಬಂದ್ರ ಮುಂಜಾನೆ ಹನ್ನೊಂದರೊಳಗ ಫೋನ್ ಮಾಡ್ರಿ. ಎಷ್ಟು ಮಂದಿ ಅಂತ ಹೇಳ್ರಿ. ಅಷ್ಟು ರೊಟ್ಟಿ ನಿಮ್ಮ ಹೆಸರಿಲೆ ತಗದ ಇಡ್ತೇನಿ."

ಕೊನೆಯ ಮಾತು ಬಾಯಿಂದ ಬಂದ ಮೇಲೆ ಆಕೆಗೇ ಹೊಸದೊಂದು ಹೊಳೆದಂತಾಯಿತು. "ಇದನ್ನ ಎಲ್ಲಾರಿಗೂ ಹೇಳಬಹುದಲ್ರೀ? ಮೊದಲ ಹೇಳಿದವರಿಗೆ ಮೊದಲ ಎತ್ತಿ ಇಡೂದು." ಕೂಡಲೇ ಪರಿಚಯದ ಸಾಲಿಗೆ ಅದನ್ನೂ ಸೇರಿಸಿದೆ. ತರಬೇತಿಯಲ್ಲಿ 'ಮುಂಗಡ ಕಾಯ್ದಿರಿಸುವಿಕೆ' ಎಂದು ನಾನು ಒಂದು ಗಂಟೆ ಪಾಠ ಮಾಡುವ ವಿಷಯವದು. ಆಕೆ ಅಲ್ಲಿಗೆ ಬೇರೊಂದು ದಾರಿಯಿಂದ ಬಂದಿದ್ದಳು.

'ಇಲ್ಲ' ಎನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಅಂದೇ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ರೊಟ್ಟಿಯ ಬುಟ್ಟಿ ಬರಿದಾಗಿತ್ತು. ನಾನು, ರೊಟ್ಟಿಯವರಿಬ್ಬರು, ಕೈ ತೊಳೆಯಲು ಎದ್ದ ಒಬ್ಬ ಲಾರಿ ಚಾಲಕ, ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದೆವು. ಆ ಕಡೆಯ ದನಿ ರೊಟ್ಟಿ ಇದೆಯೇ ಎಂದು ಕೇಳಿತು. ಕಾಕೂ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಈಗ ಬಂದ್ರ ಅನ್ನಾ, ಸಾರು, ಬದನಿಕಾಯಿ ಪಲ್ಲೆ, ಚಟ್ನಿ ಐತ್ರಿ. ರೊಟ್ಟಿ ಉಣ್ಣೂದಿದ್ರ ನಾಳೆ ಹನ್ನೆರಡಕ್ಕ ಬರ್ರಿ. ಎಷ್ಟು ಮಂದಿ ಇದ್ದೀರಿ?"

ಇಲ್ಲ ಎನ್ನದೆ ಸುಳ್ಳನ್ನೂ ಹೇಳದ ಒಂದು ವಾಕ್ಯ. ಇರುವುದನ್ನು ಹೇಳಿದರೆ ಇಲ್ಲದ್ದು ತಾನಾಗಿಯೇ ತಿಳಿಯುತ್ತದೆ. ಆಕೆಯ ನಂಬಿಕೆಯನ್ನು ಮುರಿಯಲು ಹೊರಟಿದ್ದ ನಾನು, ಆಕೆ ಅದನ್ನು ಮುರಿಯದೆಯೇ ಗಿರಾಕಿಯ ಹಕ್ಕನ್ನು ಉಳಿಸಿದ್ದನ್ನು ಕಂಡೆ. ಶಕುನದ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ಮುಗಿಯಬೇಕೆಂಬ ಅವಸರ ನನಗೆ ಈಗಿಲ್ಲ. ಆನ್‌ಲೈನಿನಲ್ಲಿ ಇರುವುದೆಂದರೆ ನಮ್ಮ ಮಾತು ನಮ್ಮ ಮುಖ, ನಮ್ಮ ಓಣಿ, ನಮ್ಮ ರೂಢಿಗಳನ್ನೆಲ್ಲ ಬಿಟ್ಟು ಒಂಟಿಯಾಗಿ ಅಪರಿಚಿತರ ಬಳಿ ಹೋಗಿ ನಿಲ್ಲುವುದು. ಕಾಣುವ ಹಾಗೆ ಮಾಡುವುದನ್ನು ನಾನು ಕಲಿಸುತ್ತಿದ್ದೆ. ಅಷ್ಟು ದೂರ ಹೋದ ಮಾತು ಅಲ್ಲಿಯೂ ಅದೇ ಅರ್ಥ ಕೊಡುತ್ತದೆಯೇ ಎಂದು ನೋಡುವುದನ್ನು ಕಲಿಸಿರಲಿಲ್ಲ.

ಅಂದು ಮೌಳಂಗಿಯಿಂದ ಬಂದಿದ್ದ ಕುಟುಂಬ ಮರಳಿ ಏನನ್ನೂ ಬರೆಯಲಿಲ್ಲ, ನಕ್ಷತ್ರವನ್ನೂ ಬದಲಿಸಲಿಲ್ಲ. ಆ ಟೀಕೆಯನ್ನು ತೆಗೆಸಲು ದೂರು ಕೊಡಬಹುದೆಂದು ನಾನು ಹೇಳಿದಾಗ ಕಾಕೂ ಒಪ್ಪಲಿಲ್ಲ. "ಇರ್ಲಿ ಬಿಡ್ರಿ. ಅವರ ಮಾತೂ ಕಾಣ್ಲಿ, ನನ್ನ ಮಾತೂ ಕಾಣ್ಲಿ. ಓದಿದವರು ತಿಳಕೋತಾರ."

ಓದಿದವರಲ್ಲಿ ಜೊಯಿಡಾದ ಹೋಮ್‌ಸ್ಟೇಯವರೂ ಇದ್ದರು. ಗುರುವಾರ ಫೋನ್ ಮಾಡಿದರು. "ಕಾಕೂ, ನಿಮ್ಮ ಉತ್ತರಾ ನಮ್ಮ ಗೆಸ್ಟ್‌ಗೆ ಓದಿ ತೋರ್ಸಿದೆ. ಆ ಅಕ್ಕನ ಕೈಲೆ ಉಣಬೇಕು ಅಂತ ಹಟಾ ಹಿಡದಾರ. ಶನಿವಾರ ಹದಿನಾಲ್ಕು ಮಂದಿ, ಒಂದ ಗಂಟೆಕ್ಕ."

"ಉಳ್ಳಾಗಡ್ಡಿ ಉಣ್ಣದವರು ಯಾರರ ಅದಾರೇನು?" ಎಂದು ಕೇಳಿದಳು ಆಕೆ, ಅಷ್ಟೆ.

ಶನಿವಾರ ನಾನು ಮುಂಡಗೋಡದಿಂದ ಮೊದಲ ಬಸ್ಸಿಗೇ ಬಂದೆ. ಹದಿನಾಲ್ವರೂ ಬಂದರು, ಉಂಡರು. ಅವರಲ್ಲೊಬ್ಬಾಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಹೋಗಿ ಅದನ್ನು ಹರಿದುಬಿಟ್ಟಳು. ಹಿರಿಯಳು ಅದನ್ನು ಮತ್ತೆ ಮುದ್ದೆ ಮಾಡಿ "ಇದು ಬೆರಳಿನಿಂದ ಅಲ್ಲ ಯವ್ವಾ, ಮುಂಗೈಯಾಗಿಂದ ತಿರಗಬೇಕು" ಎಂದು ತೋರಿಸಿಕೊಟ್ಟಳು. ಎಲ್ಲ ಮುಗಿದು ಪರಾತ ತೊಳೆಯುವಾಗ ಕಿರಿಯಳು ತಲೆ ಎತ್ತದೆ ಕೇಳಿದಳು: "ಕಾಕೂ, ನಾಳೆ ನಾವಿಬ್ರೂ ಬರೂದೋ, ಒಬ್ಬಾಕಿ ಬರೂದೋ?"

"ಇಬ್ರೂ ಬರ್ರೆವಾ, ಆರಕ್ಕ ಬರ್ರಿ. ಹತ್ತು ಮಂದಿ ಹೇಳ್ಯಾರ. ಸೋಮವಾರದ್ದು ಇನ್ನೂ ಯಾರೂ ಹೇಳಿಲ್ಲ, ಆದ್ರೂ ಇಬ್ರೂ ಬರ್ರಿ."