ಭಾವನ ಜೊತೆ ನೋಡಿದ ಕೆಟ್ಟ ಕೌಬಾಯ್ ಸಿನಿಮಾಗಳು

ಕೆಟ್ಟ ಸಿನಿಮಾಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಕೆಟ್ಟ ಕೌಬಾಯ್ ಸಿನಿಮಾದಷ್ಟು ಹೊಟ್ಟೆ ಉರಿಸುವುದು ಬೇರೆ ಯಾವುದೂ ಇಲ್ಲ. ಒಂದು ಟೋಪಿ, ಒಂದು ಕುದುರೆ, ಒಂದು ಪಿಸ್ತೂಲು, ಒಂದಿಷ್ಟು ಧೂಳು. ಇಷ್ಟೇ ತಾನೇ ಬೇಕಾಗಿರೋದು? ಇಷ್ಟನ್ನೂ ನೆಟ್ಟಗೆ ಮಾಡಲಾರದವರು ಸಿನಿಮಾ ಯಾಕಾದರೂ ಮಾಡಬೇಕು, ಮನೆಯಲ್ಲಿ ಹಪ್ಪಳ ಒಣಗಿಸಿಕೊಂಡು ಇರಬಾರದಾ! ಒಂದರಲ್ಲಿ ನಾಯಕ ಮೂರು ದಿನ ಮರಳುಗಾಡಿನಲ್ಲಿ ತೆವಳಿಕೊಂಡು ಬರುತ್ತಾನೆ, ಅಂಗಿಯ ತೋಳಿನ ಮೇಲೆ ಇಸ್ತ್ರಿಯ ಗೆರೆ ಹಾಗೇ ಇರುತ್ತದೆ. ಇನ್ನೊಂದರಲ್ಲಿ ಆರು ಗುಂಡಿನ ಪಿಸ್ತೂಲಿನಿಂದ ಇಪ್ಪತ್ತಮೂರು ಗುಂಡು ಹಾರುತ್ತವೆ. ಸುಮ್ಮನೆ ಹೇಳುತ್ತಿಲ್ಲ, ಎಣಿಸಿದ್ದೇನೆ. ಮತ್ತೊಂದರಲ್ಲಿ ಒಂದೇ ಕಂದು ಕುದುರೆ ಮೂರು ಸಲ ಸಾಯುತ್ತದೆ. ಮೂರನೇ ಸಲ ಬೀಳುವ ಹೊತ್ತಿಗೆ ಪಾಪ, ಅದಕ್ಕೇ ಬೇಜಾರು ಬಂದಿತ್ತು.

ಆ ಊರುಗಳಾದರೂ ಎಂಥವು ಅಂತೀರಿ. ಒಂದೇ ಬೀದಿ, ಎರಡೂ ಕಡೆ ಹಲಗೆಯ ಮುಂಗೋಡೆ, ಬಾಗಿಲು ತೆಗೆದರೆ ಹಿಂದೆ ಬಯಲು. ಅಲ್ಲಿ ಒಬ್ಬ ನರಪಿಳ್ಳೆಯೂ ಕೆಲಸ ಮಾಡುವುದಿಲ್ಲ. ಹಿಟ್ಟು ಬೀಸುವವರಿಲ್ಲ, ಬಟ್ಟೆ ಒಗೆಯುವವರಿಲ್ಲ. ಊರಿಗೆ ಊರೇ ಗುಂಡಿನ ಸದ್ದಿಗೆ ಕಿಟಕಿ ಮುಚ್ಚಿಕೊಳ್ಳಲು ಹುಟ್ಟಿದೆ. ವಿಧವೆಯೊಬ್ಬಳ ಜಮೀನಿಗಾಗಿ ಹತ್ತು ಜನ ಸಾಯುತ್ತಾರೆ, ಆ ಜಮೀನಿನಲ್ಲಿ ಏನು ಬೆಳೆಯುತ್ತದೆ ಅಂತ ಒಬ್ಬನೂ ಬಾಯಿ ಬಿಡುವುದಿಲ್ಲ. ಆ ನೆಲದ ಮೂಲ ಜನರ ಪಾತ್ರಕ್ಕೆ ಯಾರೋ ಬಿಳಿಯರಿಗೆ ಬಣ್ಣ ಬಳಿದು ನಿಲ್ಲಿಸಿರುತ್ತಾರೆ, ಬೆವರಿದರೆ ಕತ್ತಿನ ಹತ್ತಿರ ಬಣ್ಣ ಇಳಿಯುತ್ತದೆ. ಇದೆಲ್ಲದರ ಮೇಲೆ ತೆಲುಗು ಡಬ್ಬಿಂಗು. ಅಮೆರಿಕದ ಪೊಲೀಸಪ್ಪ ಗುಂಟೂರಿನ ಮೆಣಸಿನಕಾಯಿ ಮಂಡಿಯವನ ಥರ ‘ಏಮಿರಾ’ ಅಂತ ಅರಚುತ್ತಾನೆ.

ಇವನ್ನೆಲ್ಲ ನಾನು ನೋಡಿದ್ದು ವಿಜಯವಾಡದಲ್ಲಿ, ನನ್ನ ಅಕ್ಕನ ಮನೆಯಲ್ಲಿ, ಭಾವನ ಪಕ್ಕ ಕೂತು. ನಾವು ತುಮಕೂರಿನ ಕಡೆಯವರು. ಅಕ್ಕನನ್ನು ಇಪ್ಪತ್ತು ವರ್ಷದ ಹಿಂದೆ ವಿಜಯವಾಡಕ್ಕೆ ಕೊಟ್ಟರು. ನಾನು ಕೆಲಸ ಹುಡುಕಿಕೊಂಡು ವಿಶಾಖಪಟ್ಟಣಕ್ಕೆ ಬಂದೆ. ಪೆಂಡುರ್ತಿಯಲ್ಲಿ ಬಾಡಿಗೆ ಮನೆ, ಅಚ್ಯುತಾಪುರಂನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ತಿಂಗಳಿಗೊಂದು ಶನಿವಾರ ಬೆಳಗಿನ ರೈಲು ಹತ್ತಿ ಅಕ್ಕನ ಮನೆಗೆ ಹೋಗಿ ಭಾನುವಾರ ಸಂಜೆ ಹೊರಡುತ್ತಿದ್ದೆ.

ಭಾವ ತೆಲುಗಿನವರು. ಅಕ್ಕನಿಂದ ಕನ್ನಡ ಕಲಿತರು, ಅದೂ ಬೈಗುಳದಿಂದ ಶುರುಮಾಡಿ. ಆಟೋನಗರದಲ್ಲಿ ಲಾರಿಗಳ ಮೈಮೇಲೆ ಚಿತ್ರ ಬರೆಯುವುದು ಅವರ ಕಸುಬು. ನವಿಲು, ಹುಲಿ, ಕಮಲ ಎಲ್ಲರೂ ಬರೆಯುತ್ತಾರೆ. ಓಡುವ ಕುದುರೆ ಬೇಕಾದರೆ ಮಾತ್ರ ಡ್ರೈವರುಗಳು ಸರದಿ ಕಾದು ಇವರ ಹತ್ತಿರವೇ ಬರುತ್ತಿದ್ದರು. ಆ ಕುದುರೆಗಳನ್ನು ಅವರು ಕಲಿತದ್ದು ಕೌಬಾಯ್ ಸಿನಿಮಾ ನೋಡಿ. ಮೊದಲು ಎಡಗಣ್ಣು ಹೋಯಿತು. ಆಮೇಲೆ ಬಲಗಣ್ಣಿನ ಅಂಚುಗಳು ಕಪ್ಪಾಗುತ್ತಾ ಬಂದವು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ ಅಂದರು ಡಾಕ್ಟರು. ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಮಧ್ಯದಲ್ಲಿ ಒಂದಿಷ್ಟು ಮಾತ್ರ ಕಾಣುತ್ತಿತ್ತು. ಬ್ರಷ್ಷು ಕೆಳಗಿಟ್ಟರು.

ಅವತ್ತಿನಿಂದ ನಮ್ಮ ಭಾನುವಾರದ ಮಧ್ಯಾಹ್ನಗಳು ಶುರುವಾದವು. ಊಟವಾದ ಮೇಲೆ ಕುರ್ಚಿಯನ್ನು ಟಿವಿಯ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. ನಾನು ಮೊಬೈಲಿನಿಂದ ಸಿನಿಮಾ ಹಾಕುತ್ತಿದ್ದೆ.

‘ಏನಮ್ಮಾ ಮರದಲಾ, ಈ ಸಲ ಯಾವ ದರಿದ್ರ ಹುಡುಕಿಕೊಂಡು ಬಂದೆ?’ ಹೆಂಡತಿಯ ತಂಗಿಯನ್ನು ತೆಲುಗಿನವರು ಮರದಲು ಅನ್ನುತ್ತಾರೆ.

‘ನಿಮ್ಮ ಮದುವೆ ವೀಡಿಯೋಗಿಂತ ಒಂಚೂರು ಮೇಲು ಭಾವ. ಸುಮ್ಮನೆ ನೋಡಿ.’

ಒಳ್ಳೆಯ ಸಿನಿಮಾ ಹಾಕಲು ಬಿಡುತ್ತಿರಲಿಲ್ಲ. ಒಳ್ಳೆಯದಾದರೆ ಕಾಣದೇ ಹೋದ ಅಂಚಿನಲ್ಲಿ ಏನೇನಿತ್ತೋ ಅಂತ ಕೊರಗಬೇಕಾಗುತ್ತದಂತೆ. ಕೆಟ್ಟದ್ದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಬಾಯಿತುಂಬ ಬೈಯಬಹುದು. ಮಧ್ಯದ್ದನ್ನು ಅವರು ನೋಡುತ್ತಿದ್ದರು, ಸುತ್ತಲಿನದನ್ನು ನಾನು ಹೇಳಬೇಕಿತ್ತು. ‘ಕುದುರೆ ಕಿವಿ ಎತ್ತ ಇದೆ, ಚೆಪ್ಪು, ಹೇಳು’ ಅನ್ನುತ್ತಿದ್ದರು. ಗುಂಡು ಹಾರುವಾಗ ಹೆದರಿದ ಕುದುರೆ ಕಿವಿಯನ್ನು ಹಿಂದಕ್ಕೆ ಒತ್ತಿಕೊಳ್ಳಬೇಕು. ‘ಎರಡೂ ಪಕ್ಕಕ್ಕೆ ಜೋತು ಬಿದ್ದಿವೆ ಭಾವ, ನಿದ್ದೆ ಮಾಡ್ತಿರಬೇಕು’ ಅಂದರೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಒಂದು ಸಲ ಅವರನ್ನು ಖುಷಿಪಡಿಸೋಣ ಅಂತ ಇಲ್ಲದ ಹದ್ದೊಂದನ್ನು ಆಕಾಶದಲ್ಲಿ ಹಾರಿಸಿದೆ. ಥಟ್ಟನೆ ಹಿಡಿದರು. ‘ಬೇಡ. ನೀನು ಲ್ಯಾಬಿನಲ್ಲಿ ಕಂಡದ್ದನ್ನೇ ಬರೆಯೋಳು. ಅದಕ್ಕೇ ನಿನ್ನನ್ನ ಕೇಳೋದು. ನಿಮ್ಮಕ್ಕನ್ನ ಕೇಳಿದರೆ ಎಲ್ಲಾ ಚೆನ್ನಾಗಿದೆ ಅಂತಾಳೆ.’ ಆ ಮಾತಿಗೆ ನನಗೆ ಕೋಡು ಬಂದಿತ್ತು, ಸುಳ್ಳೇಕೆ ಹೇಳಲಿ.

ವಿಶಾಖಪಟ್ಟಣದ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಒಂದು ಸಲ ತೋರಿಸಿಬಿಡೋಣ ಅಂತ ನಾನೇ ಹಟ ಹಿಡಿದು ಇಬ್ಬರನ್ನೂ ಪೆಂಡುರ್ತಿಗೆ ಕರೆಸಿಕೊಂಡೆ. ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಭಾವ ನನ್ನನ್ನು ಹತ್ತಿರ ಕರೆದರು. ‘ಉಳಿಯುತ್ತೆ ಅಂದರೆ ಸರಿ. ಹೋಗುತ್ತೆ ಅಂದರೆ ಮುಚ್ಚಿಡಬೇಡ. ಇರೋ ದಿನದಲ್ಲಿ ನಾನು ನೋಡಿಕೊಳ್ಳಬೇಕಾದ್ದು ಇದೆ.’ ಆಯ್ತು ಭಾವ, ಹೇಳ್ತೀನಿ ಅಂದೆ. ಅವರು ಅಂಗಿ ಹಾಕಿಕೊಳ್ಳಲು ಎದ್ದರು, ಅಕ್ಕ ಬಂದು ನನ್ನ ಕೈ ಹಿಡಿದುಕೊಂಡು ಅಡುಗೆಮನೆಗೆ ಎಳೆದಳು. ‘ಕೆಟ್ಟದ್ದೇನಾದರೂ ಹೇಳಿದರೆ ನುಂಗ್ಕೋ ಕಣೇ. ನನ್ನಾಣೆ. ಅವರು ತಡ್ಕೊಳ್ಳಲ್ಲ.’ ಅವಳಿಗೂ ಆಯ್ತು ಅಂದೆ.

ಆಸ್ಪತ್ರೆಯಲ್ಲಿ ಭಾವನನ್ನು ಪರೀಕ್ಷೆಗೆ ಒಳಗೆ ಕೂರಿಸಿದ್ದರು. ಡಾಕ್ಟರು ಮನೆಯವರನ್ನು ಕರೆದರು. ಅಕ್ಕ ಬರಲೇ ಇಲ್ಲ, ಬೆಂಚಿನ ಮೇಲೆ ಕೂತು ಏನೋ ಜಪಿಸುತ್ತಿದ್ದಳು. ನಾನೊಬ್ಬಳೇ ಹೋದೆ. ಒಳ್ಳೆಯ ಮನುಷ್ಯ, ಅವಸರವಿಲ್ಲದೆ ಹೇಳಿದರು. ಆಪರೇಷನ್ನಿಗೆ ಹೊತ್ತು ಮೀರಿದೆ. ಉಳಿದದ್ದು ಒಂದು ವರ್ಷದೊಳಗೆ ಹೋಗುತ್ತದೆ, ಇನ್ನೂ ಬೇಗ ಹೋದರೂ ಹೋಗಬಹುದು. ಅದನ್ನೇ ಒಂದು ಕಾಗದದಲ್ಲಿ ಬರೆದುಕೊಟ್ಟರು. ನಾನು ಅದನ್ನು ಮಡಚಿ ಫೈಲಿನ ಕೊನೆಯಲ್ಲಿ ಸಿಕ್ಕಿಸಿದೆ.

ನಮ್ಮ ಮನೆಗಳಲ್ಲಿ ಕೆಟ್ಟ ಮಾತು ಬಾಯಲ್ಲಿ ಬರಬಾರದು. ಅಕ್ಕಿ ಮುಗಿದರೆ ‘ಅಕ್ಕಿ ತುಂಬಿದೆ’ ಅನ್ನಬೇಕು, ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ದೀಪ ಆರಿಸು ಅಂದದ್ದಕ್ಕೆ ಅಜ್ಜಿ ನನ್ನ ತಲೆಗೆ ಮೊಟಕಿದ್ದಳು, ‘ದೊಡ್ಡದು ಮಾಡು’ ಅನ್ನಬೇಕಿತ್ತಂತೆ. ಭಾವನ ಮನೆಯವರೂ ಕಡಿಮೆಯಿಲ್ಲ, ಅವರ ದೀಪ ಆರುವುದೇ ಇಲ್ಲ, ಬೆಟ್ಟ ಹತ್ತುತ್ತದೆ. ಹುಟ್ಟಿದಾಗಿನಿಂದ ಪಳಗಿದ ಬಾಯಿ ಇದು. ಲ್ಯಾಬಿನಲ್ಲಿ ಪೆನ್ನು ಹಿಡಿದಾಗ ನೆಟ್ಟಗಿರುತ್ತದೆ. ನಮ್ಮವರ ಎದುರು ನಿಂತರೆ ತಾನೇ ತಿರುಗಿಕೊಳ್ಳುತ್ತದೆ.

ಭಾವ ಹೊರಗೆ ಬಂದರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ನೀರು ಸುರಿಯುತ್ತಿತ್ತು. ಕರ್ಚೀಫು ಒತ್ತಿಕೊಂಡು, ‘ಚೆಪ್ಪು’ ಅಂದರು.

‘ಆಪರೇಷನ್ ಬೇಡವಂತೆ ಭಾವ. ಡ್ರಾಪ್ಸ್ ತಪ್ಪದೇ ಹಾಕಿಕೊಂಡರೆ ಇಷ್ಟು ಉಳಿಯುತ್ತಂತೆ.’

ಇಲ್ಲದ ಹದ್ದನ್ನು ಹಿಡಿದ ಮನುಷ್ಯ ಇದನ್ನು ಹಿಡಿಯಲಿಲ್ಲ. ಹಿಡಿಯುವುದು ಬೇಕಿರಲಿಲ್ಲವೋ ಏನೋ. ಅಲ್ಲೇ ಎರಡೂ ಕೈ ಎತ್ತಿ ಮುಗಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೆ ನನ್ನ ಮುಖ ನೋಡಿದ ಕೂಡಲೇ ಗೊತ್ತಾಗಿತ್ತು. ಸಂಜೆ ಬೀಚಿಗೆ ಹೋಗೋಣ, ಬಂದರಿನೊಳಗೆ ಬರಲು ಕಾಯುತ್ತಾ ನಿಂತ ಹಡಗು ತೋರಿಸ್ತೀನಿ ಅಂತ ನಾನು ಎಷ್ಟು ಗೋಗರೆದರೂ ಭಾವ ಏಳಲಿಲ್ಲ. ‘ಮುಂದಿನ ಸಲ ಬಂದಾಗ ನೋಡಿದರಾಯ್ತು ಬಿಡು, ಈಗೇನು ಅವಸರ?’ ಅಂತ ಹೇಳಿ ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದರು.

ಆಮೇಲೆ ನಾನು ವಿಜಯವಾಡಕ್ಕೆ ಹೋಗುವುದು ತಪ್ಪಿಸಲಿಲ್ಲ. ಕೆಟ್ಟ ಸಿನಿಮಾಗಳನ್ನು ಹುಡುಕುವುದೂ ತಪ್ಪಲಿಲ್ಲ. ಪ್ರತಿ ತಿಂಗಳೂ ಕುರ್ಚಿ ಒಂದಿಷ್ಟು ಮುಂದಕ್ಕೆ ಬರುತ್ತಿತ್ತು. ‘ಡ್ರಾಪ್ಸ್ ಕಣ್ಣಿಗೆ ಹೊಂದಿಕೊಳ್ಳೋವರೆಗೂ ಹೀಗೇ ಅಂತೆ’ ಅಂತ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟುತ್ತಾ ಹೋದೆ. ಒಂದು ಸಿನಿಮಾ ನೆನಪಿದೆ, ನಾವು ನೋಡಿದ್ದರಲ್ಲೆಲ್ಲ ಅತ್ಯಂತ ಕಳಪೆ ಅದೇ. ನಾಯಕನ ಗೆಳೆಯನಿಗೆ ಎದೆಗೆ ಗುಂಡು ತಾಗಿ, ಅವನು ಹತ್ತು ನಿಮಿಷ ಕೊನೆಯ ಮಾತು ಆಡಿ, ಕಣ್ಣು ಮುಚ್ಚುತ್ತಾನೆ. ಕೊನೆಯ ದೃಶ್ಯದಲ್ಲಿ ನೋಡಿದರೆ ಕೈಗೊಂದು ಪಟ್ಟಿ ಕಟ್ಟಿಕೊಂಡು ಹಲ್ಲು ಕಿರಿಯುತ್ತಾ ಬಾಗಿಲಲ್ಲಿ ನಿಂತಿದ್ದಾನೆ!

ಭಾವ ನಗಲಿಲ್ಲ. ‘ಕುದುರೆ ಕೆಟ್ಟದ್ದಾದರೂ ಸಹಿಸ್ತೀನಿ, ಟೋಪಿ ಕೆಟ್ಟದ್ದಾದರೂ ಸಹಿಸ್ತೀನಿ’ ಅಂದರು. ‘ಈ ಸಿನಿಮಾ ಮಾಡಿದೋನಿಗೆ ಧೈರ್ಯ ಇಲ್ಲ ನೋಡು. ನಾವು ಬೇಜಾರು ಮಾಡ್ಕೋತೀವಿ ಅಂತ ಸತ್ತೋನನ್ನ ಎಬ್ಬಿಸಿ ತಂದ. ಯಾರು ಕೇಳಿದ್ದರು ಇವನನ್ನ? ಅಷ್ಟು ಹೊತ್ತು ನಾನು ಅತ್ತದ್ದು ಏನಾಯ್ತು?’

ನಾನು ರಿಮೋಟು ಹುಡುಕುವ ನೆಪದಲ್ಲಿ ಎದ್ದೆ. ಒಳಗೆ ಹೋಗಿ ಅಕ್ಕನಿಗೆ, ‘ಹೇಳಿಬಿಡೋಣ ಕಣೇ’ ಅಂದೆ. ಅವಳು ಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ‘ಸಂಕ್ರಾಂತಿ ಆಗಲಿ’ ಅಂದಳು. ಸಂಕ್ರಾಂತಿ ಆಯಿತು, ಯುಗಾದಿ ಆಗಲಿ ಅಂದಳು. ನನಗೂ ಅದೇ ಬೇಕಾಗಿತ್ತು, ಅವಳ ಮೇಲೆ ಹಾಕಿ ಕೈ ತೊಳೆದುಕೊಂಡೆ. ಥೂ, ಇಬ್ಬರೂ ಅಂಜುಬುರುಕಿಯರು.

ಯುಗಾದಿಗೆ ಹತ್ತು ದಿನ ಇರುವಾಗ ಬೆಳಿಗ್ಗೆ ಎದ್ದ ಭಾವ ಲೈಟು ಯಾಕೆ ಹಾಕಿಲ್ಲ ಅಂತ ಕೇಳಿದರಂತೆ. ಮನೆತುಂಬ ಬಿಸಿಲಿತ್ತು. ಪಕ್ಕದ ಬೀದಿಯ ಕಣ್ಣಿನ ಡಾಕ್ಟರಲ್ಲಿಗೆ ಫೈಲು ಹಿಡಿದುಕೊಂಡು ಇಬ್ಬರೂ ಓಡಿದರು. ಆ ಡಾಕ್ಟರು ಫೈಲನ್ನು ಕೊನೆಯವರೆಗೂ ತಿರುವಿ, ಮಡಚಿದ ಕಾಗದ ಬಿಚ್ಚಿ, ‘ಅವರು ಆಗಲೇ ಬರೆದುಕೊಟ್ಟಿದ್ದಾರಲ್ಲ’ ಅಂತ ಜೋರಾಗಿ ಓದಿದರು. ಇದನ್ನು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ರಜೆ ಹಾಕಿ ಮಾರನೇ ದಿನದ ರೈಲಿಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ, ಒಂದೂ ನಿಲ್ಲಲಿಲ್ಲ.

ಭಾವ ಟಿವಿಯ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಟಿವಿ ಹಾಕಿರಲಿಲ್ಲ. ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ‘ತಪ್ಪಾಯ್ತು ಭಾವ’ ಅಂದೆ. ಬೈಯಲಿ ಅಂತ ಕಾದೆ. ಕನ್ನಡದಲ್ಲಿ ಅವರು ಮೊದಲು ಕಲಿತದ್ದೇ ಬೈಗುಳ. ಒಂದೂ ಬರಲಿಲ್ಲ.

‘ಆಮೇಲೆ ಎಷ್ಟು ಸಿನಿಮಾ ನೋಡಿದೆವು?’ ಅಂದರು.

‘ಏಳೋ ಎಂಟೋ.’

‘ಒಂದೊಂದು ಎರಡೆರಡು ಗಂಟೆ. ಅಷ್ಟು ಹೊತ್ತೂ ನಿಮ್ಮಕ್ಕ ಒಳಗಿದ್ದಳು. ಕೇಳಿದೆನಲ್ಲ ನಾನು, ಬಾಯಿಬಿಟ್ಟು ಕೇಳಿದೆನಲ್ಲ. ಗೊತ್ತಿದ್ದಿದ್ದರೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡು ನೋಡ್ತಾ ಇರ್ತಿದ್ದೆ. ಈಗ ಅವಳ ಮುಖ ನೆನಪು ಮಾಡಿಕೊಂಡರೆ ಮದುವೇಲಿ ಇದ್ದದ್ದೇ ಬರುತ್ತೆ. ಈಗಿಂದು ಬರಲ್ಲ.’

ನನಗೆ ಅಳು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

ಅಕ್ಕ ಯಾವಾಗಲೋ ಅಡುಗೆಮನೆಯಿಂದ ಬಂದು ಗೋಡೆಯ ಹತ್ತಿರ ನಿಂತಿದ್ದಳು. ಅವಳ ಬಳೆಯ ಸದ್ದು ಕೇಳಿ ಭಾವ ಮುಖ ಎತ್ತಿದರು. ಎತ್ತಿದ್ದು ಅವಳಿದ್ದ ಕಡೆಗಲ್ಲ, ಒಂದಿಷ್ಟು ಆಚೆಗೆ, ಬರಿ ಕಿಟಕಿಯ ಕಡೆಗೆ. ಹಾಗೇ ನೋಡುತ್ತಾ ಇದ್ದರು. ಅಕ್ಕ ಸದ್ದಾಗದ ಹಾಗೆ ಎರಡು ಹೆಜ್ಜೆ ಸರಿದು, ಅವರು ನೋಡುತ್ತಿದ್ದ ಕಡೆ ಹೋಗಿ ನಿಂತಳು.