ಹಲ್ಲಿನ ಡಾಕ್ಟರಿಗೆ ಕಂಪ್ಯೂಟರ್ ಸೈನ್ಸ್

ಕಳೆದ ಸೋಮವಾರ ಹುಕ್ಕೇರಿಯಿಂದ ನಮ್ಮಣ್ಣನ ಫೋನು. ದನಿಯಲ್ಲಿ ದೀಪಾವಳಿ.

‘ತಮ್ಮಾ, ಅಕ್ಷತಾನ ಹೆಸರು ಕಾಲೇಜಿಗೆ ಹಚ್ಚಿ ಬಂದೆ. ಸೈನ್ಸ್! ಇನ್ನ ಹಲ್ಲಿನ ಡಾಕ್ಟರ್ ಆದ್ಲು ಅಂತ ತಿಳಕೋ!’

ಅಣ್ಣನ ಮಗಳು ಅಕ್ಷತಾಳದು ಏಳನೇ ಕ್ಲಾಸಿನಿಂದಲೂ ಒಂದೇ ಹಟ. ಹಲ್ಲಿನ ಡಾಕ್ಟರೇ ಆಗಬೇಕು. (ಮನೆಗೆ ಬಂದವರ ಬಾಯೊಳಗೆಲ್ಲ ಮೊಬೈಲ್ ಟಾರ್ಚ್ ಬಿಡುತ್ತಾಳೆ. ನಾನೂ ತಪ್ಪಿಸಿಕೊಂಡಿಲ್ಲ.) ಈಗ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕ್ಸ್ ಬೇರೆ. ನನಗೂ ಕುಣಿಯುವಷ್ಟು ಖುಷಿಯಾಯಿತು.

‘ಯಾವ ಸಬ್ಜೆಕ್ಟ್ ಅಣ್ಣಾ?’

‘ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್.’

‘ಮತ್ತ ಬಯಾಲಜಿ?’

‘ಅದ್ಯಾಕ ಬೇಕೋ? ಹಲ್ಲಾಗ ಹೃದಯ ಐತೇನು, ಕಿಡ್ನಿ ಐತೇನು?’

ನನ್ನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ! ಬಯಾಲಜಿ ಓದದೆ ನೀಟ್ ಬರೆಯುವುದು ಹೇಗೆ? ನೀಟ್ ಇಲ್ಲದೆ ಬಿಡಿಎಸ್ ಎಲ್ಲಿಯದು?

ಅಣ್ಣನ ಲೆಕ್ಕಾಚಾರವೇ ಬೇರೆ. ಅವನು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಮೊನ್ನೆ ದವಡೆ ಹಲ್ಲಿಗೆಂದು ಗೋಕಾಕಿನ ಡಾಕ್ಟರ ಹತ್ತಿರ ಹೋಗಿದ್ದ. ‘ಅವರ ಕೈಯಾಗೂ ನಮ್ಮಂಗ ಡ್ರಿಲ್ ಮಷೀನ ಐತಿ. ಉಳಿದದ್ದೆಲ್ಲಾ ಕಂಪ್ಯೂಟರ್‌ನ್ಯಾಗ ನೋಡೂದು. ನಾನೇ ಕಣ್ಣಾರೆ ನೋಡೇನಿ’ ಎಂದ. ಸಾಲದ್ದಕ್ಕೆ ಮೂಡಲಗಿಯ ಬೀಗರನ್ನು, ಬಸ್ ಸ್ಟ್ಯಾಂಡಿನ ಚಹಾದಂಗಡಿಯವನನ್ನು ಕೇಳಿದ್ದಾನೆ. ಇಬ್ಬರೂ ತಲೆಯಾಡಿಸಿದ್ದಾರೆ. ಕಂಪ್ಯೂಟರ್ ಬೇಡ ಅನ್ನುವವರು ಈ ಕಾಲದಲ್ಲಿ ಯಾರಿದ್ದಾರೆ ಹೇಳಿ?

ಮರುದಿನ ಮೊದಲ ಬಸ್ಸಿಗೇ ಹುಕ್ಕೇರಿಗೆ ಓಡಿದೆ. ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು.

‘ಕಾಕಾ, ಬಯಾಲಜಿ ಸೀಟು ತುಂಬಾಕ ಬಂದಾವಂತ. ಅಪ್ಪ ಕೇಳವಲ್ಲ.’

ಮೂವರೂ ಕಾಲೇಜಿಗೆ ಹೋದೆವು. ಪ್ರಿನ್ಸಿಪಾಲರ ಮುಂದೆ ಅಣ್ಣನದು ಅದೇ ಡ್ರಿಲ್ ಮಷೀನಿನ ಪುರಾಣ. ನಾನು ಸುಮ್ಮನಿರಬೇಕೋ ಬೇಡವೋ? ‘ಬಯಾಲಜಿ ಕೊಡ್ರಿ ಸರ್, ಆ ಮ್ಯಾಥ್ಸ್ ತಗದ್ಹಾಕ್ರಿ. ಹಲ್ಲು ಎಣಸಾಕ ಗಣಿತ ಯಾಕ್ರಿ?’ ಎಂದುಬಿಟ್ಟೆ. (ಗಣಿತ ಅಂದರೆ ನನಗೆ ಇವತ್ತಿಗೂ ಚಳಿಜ್ವರ. ಅದು ಅವಳಿಗೇಕೆ ಇರಬೇಕು?)

ಅಣ್ಣನದೊಂದು, ನನ್ನದೊಂದು. ಇಬ್ಬರ ದನಿಯೂ ಏರಿತು. ಅಷ್ಟರಲ್ಲಿ ಅಕ್ಷತಾ ಎದ್ದು ನಿಂತಳು.

‘ಅಪ್ಪಾ, ಕಾಕಾ, ಇಬ್ಬರೂ ಸುಮ್ನಿರ್ರಿ. ಸರ್, ನನಗ ಪಿಸಿಎಂಬಿ ಕೊಡ್ರಿ. ಬಯಾಲಜಿ ಬೇಕಽ ಬೇಕು. ಮ್ಯಾಥ್ಸ್ ನನಗ ಸೇರ್ತೈತಿ, ಅದೂ ಇರ್ಲಿ. ನೀಟ್ ಒಂದ್ ವೇಳೆ ಕೈ ಕೊಟ್ರ, ಇನ್ನೊಂದು ದಾರಿ ಆಗ್ತೈತಿ.’

ಎಷ್ಟು ಚೊಕ್ಕ ಮಾತು! ಪ್ರಿನ್ಸಿಪಾಲರು ನಕ್ಕರು. ‘ಇದನ್ನ ನಿನ್ನೇನ ಹೇಳಬಾರದಿತ್ತೇನವಾ?’

‘ನಿನ್ನೆ ನನ್ನ ಯಾರೂ ಕೇಳ್ಲಿಲ್ರಿ ಸರ್.’

ಅಣ್ಣ ನೆಲ ನೋಡಿದ. ನಾನು ಫ್ಯಾನು ನೋಡಿದೆ.

ಪುಣ್ಯಕ್ಕೆ ಸೀಟು ಇನ್ನೂ ಉಳಿದಿತ್ತು. ಅಲ್ಲೇ ಬದಲಾಯಿಸಿ ಕೊಟ್ಟರು. ಹೊರಗೆ ಬಂದದ್ದೇ ತಡ, ಅಣ್ಣ ಮಗಳ ಬೆನ್ನು ಚಪ್ಪರಿಸಿ, ‘ಖರೇನ ಶ್ಯಾಣ್ಯಾಕಿ ಅದೀ ಬಿಡವಾ! ನನ್ನ ತಲೀನ ರಿಪೇರಿಗೆ ಬಂದೈತಿ’ ಎಂದು ರಸ್ತೆಯಲ್ಲೇ ಹೋ ಎಂದು ನಕ್ಕ. ಅಕ್ಷತಾ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಮೂವರೂ ಕರದಂಟಿನ ಅಂಗಡಿಗೆ ನುಗ್ಗಿದೆವು.

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಯಾರ ಹಲ್ಲು ನೋಯುತ್ತದೋ ಅವರನ್ನೇ ಡಾಕ್ಟರು ‘ಎಲ್ಲಿ ನೋವು?’ ಎಂದು ಕೇಳುತ್ತಾರೆ, ಬೀಗರನ್ನಲ್ಲ.

ಓದುವ ಮಕ್ಕಳನ್ನು ‘ಏನು ಓದ್ತೀ?’ ಎಂದು ಕೇಳುವುದಕ್ಕೆ ನಮಗೇನು ರೋಗ?